ಎಣಿಸುವ ಮೊದಲು, ಏನನ್ನು ಎಣಿಸಬೇಕು ಅಂತ ಗೊತ್ತಿದೆಯಾ?

ಸಂಶೋಧನೆಗೆ ಹೊಸದಾಗಿ ಇಳಿದವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಕ್ವಾಲಿಟೇಟಿವ್ (ಗುಣಾತ್ಮಕ, ಅಂದರೆ ಜನರ ಮಾತು ಕೇಳಿ ಅರ್ಥ ಮಾಡಿಕೊಳ್ಳುವುದು) ಮಾಡಲಾ, ಕ್ವಾಂಟಿಟೇಟಿವ್ (ಪರಿಮಾಣಾತ್ಮಕ, ಅಂದರೆ ಎಣಿಸಿ ಅಳೆಯುವುದು) ಮಾಡಲಾ? ಕೆಲವರು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಒಬ್ಬರಿಗೆ ಸ್ಟ್ಯಾಟಿಸ್ಟಿಕ್ಸ್ ಅಂದರೆ ಭಯ, ಹಾಗಾಗಿ ಸಂದರ್ಶನ. ಇನ್ನೊಬ್ಬರಿಗೆ ಜನರ ಜೊತೆ ಗಂಟೆಗಟ್ಟಲೆ ಕೂತು ಮಾತಾಡೋದು ಬೇಡ, ಹಾಗಾಗಿ ಸರ್ವೆ. ಭಯ ಸಹಜವೇ. ಆದರೆ ವರ್ಷಗಟ್ಟಲೆ ಮಾಡಬೇಕಾದ ಕೆಲಸವನ್ನು ಆ ಭಯದ ಕೈಗೆ ಕೊಡಬೇಡಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪಾಠದಲ್ಲಿ ಹೇಳಿಕೊಡುವ ಸೂತ್ರ ಎಲ್ಲರಿಗೂ ಗೊತ್ತು. ‘ಎಷ್ಟು’ ಅಂತ ಕೇಳಿದರೆ ಪರಿಮಾಣಾತ್ಮಕ, ‘ಹೇಗೆ, ಯಾಕೆ’ ಅಂತ ಕೇಳಿದರೆ ಗುಣಾತ್ಮಕ. ಇದು ಪೂರ್ತಿ ಸರಿಯಲ್ಲ. ಒಂದು ಕಡೆ ಕಾಯಿಲೆ ಯಾಕೆ ಜಾಸ್ತಿ ಆಯಿತು ಅಂತ ತಿಳಿಯಬೇಕಾದರೆ ಎಣಿಸಬೇಕು, ಹೋಲಿಸಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ರೋಗಿ ಯಾಕೆ ಅರ್ಧಕ್ಕೇ ಬಿಟ್ಟರು ಅಂತ ತಿಳಿಯಬೇಕಾದರೆ ಅವರ ಪಕ್ಕ ಕೂತು ಕೇಳಬೇಕು. ಎರಡೂ ‘ಯಾಕೆ’ಗಳೇ ಅಲ್ವಾ?

ಅದಕ್ಕೇ ನಾನು ಬೇರೆ ಪರೀಕ್ಷೆ ಇಟ್ಟುಕೊಂಡಿದ್ದೇನೆ. ನಿಮ್ಮ ವಿಷಯದ ಮೇಲೆ ಒಂದು ಪ್ರಶ್ನಾವಳಿ ಮಾಡಿ. ಪ್ರತಿ ಪ್ರಶ್ನೆಯ ಕೆಳಗೆ ಆಯ್ಕೆಗಳನ್ನು ಬರೆಯಿರಿ. ಆ ಆಯ್ಕೆಗಳು ಎಲ್ಲಿಂದ ಬಂದವು? ಹಿಂದಿನ ಅಧ್ಯಯನಗಳಿಂದ, ಆ ಜನರ ಅನುಭವದಿಂದ ಬಂದಿದ್ದರೆ ಧೈರ್ಯವಾಗಿ ಎಣಿಸಿ. ಮೇಜಿನ ಮುಂದೆ ಕೂತು ಊಹೆಯಿಂದ ಬರೆದಿದ್ದರೆ, ಇನ್ನೂ ಎಣಿಸುವ ಹೊತ್ತು ಬಂದಿಲ್ಲ. ಮೊದಲು ಕೇಳಿಸಿಕೊಳ್ಳಬೇಕು.

ಒಂದು ಉದಾಹರಣೆ. ಆನ್‌ಲೈನ್ ಕೋರ್ಸ್‌ಗೆ ಸೇರಿದವರು ಮಧ್ಯದಲ್ಲಿ ಬಿಡೋದು ಯಾಕೆ ಅನ್ನೋದು ನಿಮ್ಮ ವಿಷಯ ಅಂತಿಟ್ಟುಕೊಳ್ಳಿ. ಆಯ್ಕೆಗಳು ತಕ್ಷಣ ಹೊಳೆಯುತ್ತವೆ: ಸಮಯ ಸಿಗಲಿಲ್ಲ, ಪಾಠ ಕಷ್ಟ ಆಯಿತು, ಆಸಕ್ತಿ ಹೋಯಿತು, ಇತರೆ. ಆದರೆ ಒಬ್ಬರು ತಮ್ಮ ಕೆಲಸಕ್ಕೆ ಬೇಕಾದ ಒಂದೇ ಪಾಠ ಕಲಿಯಲು ಸೇರಿದ್ದರು ಅನ್ನಿ. ಕಲಿತರು, ಹೊರಟರು. ಅವರ ಲೆಕ್ಕದಲ್ಲಿ ಅವರು ಕೋರ್ಸ್ ಬಿಟ್ಟೇ ಇಲ್ಲ, ಮುಗಿಸಿದ್ದಾರೆ. ನಿಮ್ಮ ಫಾರ್ಮ್‌ನಲ್ಲಿ ಅವರಿಗೆ ಜಾಗವಿಲ್ಲ. ‘ಸಮಯ ಸಿಗಲಿಲ್ಲ’ ಅನ್ನೋದಕ್ಕೆ ಸುಮ್ನೆ ಟಿಕ್ ಹಾಕಿ ಹೋಗುತ್ತಾರೆ. ಆಮೇಲೆ ಆ ಡೇಟಾ ಮೇಲೆ ಎಷ್ಟು ದೊಡ್ಡ ಸ್ಟ್ಯಾಟಿಸ್ಟಿಕಲ್ ಟೆಸ್ಟ್ ನಡೆಸಿದರೂ ಅವರು ಸಿಗುವುದಿಲ್ಲ. ಸಂದರ್ಶನದಲ್ಲಾದರೆ ಸಿಗುತ್ತಾರೆ. ಆದರೆ ಅಂಥವರು ಎಷ್ಟು ಜನ, ನೂರಕ್ಕೆ ಇಬ್ಬರಾ ನಲವತ್ತು ಜನರಾ ಅಂತ ಸಂದರ್ಶನ ಹೇಳಲಾರದು. ಅಲ್ಲಿಗೆ ಸರ್ವೆ ಬೇಕೇ ಬೇಕು.

ಸಂಖ್ಯೆ ದೊಡ್ಡದಾದರೆ ಸತ್ಯವೂ ಗಟ್ಟಿಯಾಗುತ್ತದೆ ಅನ್ನೋ ನಂಬಿಕೆಯನ್ನೂ ಬಿಡಬೇಕು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಅಂತ ಕೇಳುವ ಚೀಟಿಯನ್ನು ಸುಮಾರು 1 ಕೋಟಿ ಜನರಿಗೆ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸಗಳನ್ನು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ ತೆಗೆದಿದ್ದರು, ಅಂದರೆ ಸ್ವಲ್ಪ ಅನುಕೂಲಸ್ಥರನ್ನೇ ಜಾಸ್ತಿ ಕೇಳಿದ್ದರು. ಅದರ ಮೇಲೆ, ಚೀಟಿ ತುಂಬಿ ಕಳಿಸುವ ತೊಂದರೆ ತೆಗೆದುಕೊಂಡವರು ಉಳಿದವರಂತೆ ಇರಲಿಲ್ಲ. ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ತುಂಬಾ ಚಿಕ್ಕ ಸ್ಯಾಂಪಲ್‌ನಿಂದ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಇವತ್ತಿಗೂ ಸಿನಾಪ್ಸಿಸ್‌ಗಳಲ್ಲಿ (ಸಂಶೋಧನೆಗೆ ಮೊದಲು ಬರೆದುಕೊಡುವ ಯೋಜನೆಗಳಲ್ಲಿ) ‘ಸ್ಯಾಂಪಲ್ 384’, ಅಂದರೆ 384 ಜನರನ್ನು ಕೇಳುತ್ತೇವೆ ಅಂತ ಓದುತ್ತಲೇ ಇರುತ್ತೇನೆ. ಅದು ದೊಡ್ಡ ಜನಸಂಖ್ಯೆಗೆ, ಶೇಕಡಾ 95 ವಿಶ್ವಾಸ ಮಟ್ಟದಲ್ಲಿ, ಫಲಿತಾಂಶ ಶೇಕಡಾವಾರು 5 ಅಂಶ ಆಚೀಚೆ ಆಗಬಹುದು ಅಂತ ಒಪ್ಪಿಕೊಂಡಾಗ ಬರುವ ಲೆಕ್ಕ. ಆದರೆ ಜನರನ್ನು ರ‍್ಯಾಂಡಮ್ ಆಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿದ್ದೀರಿ ಅನ್ನೋದು ಆ ಲೆಕ್ಕದ ಬುಡ. ವಾಟ್ಸ್ಆ್ಯಪ್ ಗುಂಪುಗಳಿಗೆ ಫಾರ್ಮ್‌ನ ಲಿಂಕ್ ಕಳಿಸಿ 384 ಉತ್ತರ ಸೇರಿಸಿದರೆ ಆ ಬುಡವೇ ಇರುವುದಿಲ್ಲ.

ಸಂದರ್ಶನದ ಕಡೆಯವರೂ ಹೀಗೇ ಒಂದು ಸಂಖ್ಯೆಯನ್ನು ಹಿಡಿದುಕೊಂಡಿದ್ದಾರೆ: 12 ಸಂದರ್ಶನ. 2006ರಲ್ಲಿ ಬಂದ ಒಂದು ಪ್ರಸಿದ್ಧ ಲೇಖನದಲ್ಲಿ, 60 ಸಂದರ್ಶನಗಳ ಪೈಕಿ ಮೊದಲ 12ರಲ್ಲೇ ಮುಖ್ಯ ಸಂಗತಿಗಳೆಲ್ಲ ಸಿಕ್ಕಿಬಿಟ್ಟಿದ್ದವು. ಅಲ್ಲಿ ಮಾತಾಡಿದವರು ಹೆಚ್ಚುಕಡಿಮೆ ಒಂದೇ ಬಗೆಯ ಜನ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳು. ನಿಮ್ಮ ಜನ ಬೇರೆ ಬೇರೆ ವಯಸ್ಸು, ಕೆಲಸ, ಕಷ್ಟಗಳವರಾದರೆ 12 ಸಾಲದೇ ಹೋಗಬಹುದು. ಇನ್ನು 12 ಜನರ ಸಂದರ್ಶನ ಮಾಡಿ ‘ಶೇಕಡಾ 58.3 ಜನ ಹೀಗಂದರು’ ಅಂತ ಬರೆಯುವವರಿದ್ದಾರೆ. ಏಳು ಜನ ಅಂತ ಹೇಳಿದರೆ ಸಾಕು. ಅದಕ್ಕಿಂತ ಮುಖ್ಯ, ಅವರು ಹೇಳಿದ್ದೇನು ಅಂತ ಬರೆಯಿರಿ.

ಸಂದರ್ಶನ ಸುಲಭದ ದಾರಿ ಅನ್ನೋ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಒಂದು ಗಂಟೆಯ ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಲು ನಾಲ್ಕು ಗಂಟೆಗೂ ಜಾಸ್ತಿ ಬೇಕಾಗುವುದು ಸಾಮಾನ್ಯ. ಆಮೇಲೆ ಸಾಲು ಸಾಲಾಗಿ ಕೋಡಿಂಗ್, ಅಂದರೆ ಪ್ರತಿ ಮಾತು ಯಾವ ಸಂಗತಿಯದು ಅಂತ ಗುರುತು ಹಾಕುವುದು. ಐದನೇ ಸಂದರ್ಶನದಲ್ಲಿ ಹೊಸದೊಂದು ಸಂಗತಿ ಕಂಡರೆ ಮತ್ತೆ ಮೊದಲಿಂದ ಓದಬೇಕು. ಇಷ್ಟು ತಾಳ್ಮೆ ಇಲ್ಲದವರ ಕೈಯಲ್ಲಿ ಅದು ತಮಗೆ ಇಷ್ಟವಾದ ನಾಲ್ಕು ಮಾತು ಆರಿಸಿ ಅಂಟಿಸುವ ಕೆಲಸವಾಗುತ್ತದೆ.

ಎರಡನ್ನೂ ಚೆನ್ನಾಗಿ ಮಾಡಿದವರನ್ನು ನೋಡಬೇಕಾದರೆ ನನಗೆ ಮೊದಲು ನೆನಪಾಗೋದು ಮಾರಿಯೆಂಥಾಲ್. ಆಸ್ಟ್ರಿಯಾದ ಈ ಊರಿನ ಬಟ್ಟೆ ಗಿರಣಿ ಮುಚ್ಚಿ, ಹೆಚ್ಚುಕಡಿಮೆ ಇಡೀ ಊರೇ ಕೆಲಸ ಕಳೆದುಕೊಂಡಿತ್ತು. ಮಾರಿ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಅವರ ತಂಡ ಅಲ್ಲಿ ಅಧ್ಯಯನ ನಡೆಸಿ 1933ರಲ್ಲಿ ಪ್ರಕಟಿಸಿತು. ಅವರು 478 ಕುಟುಂಬಗಳ ವಿವರ ಬರೆದಿಟ್ಟರು. ಜೀವನದ ಕಥೆಗಳನ್ನು ಕೇಳಿದರು. ಗ್ರಂಥಾಲಯದಿಂದ ಹೋದ ಪುಸ್ತಕಗಳನ್ನು ಲೆಕ್ಕ ಹಾಕಿದರು. ಕೈಯಲ್ಲಿ ಗಡಿಯಾರ ಹಿಡಿದು, ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ ಅಂತಲೂ ಅಳೆದರು. ಕೆಲಸವಿಲ್ಲ, ಬೇಕಾದಷ್ಟು ಸಮಯವಿದೆ, ಹಾಗಾದರೆ ಓದು ಜಾಸ್ತಿ ಆಗಬೇಕಲ್ವಾ? ಓದುವುದು ಇಳಿದಿತ್ತು, ಅದೂ ಶುಲ್ಕ ತೆಗೆದುಹಾಕಿದ ಮೇಲೂ. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ನಿಲ್ಲುತ್ತಿದ್ದರು. ಹೆಂಗಸರು ಬೇಗ ನಡೆಯುತ್ತಿದ್ದರು, ಮನೆಕೆಲಸ ಅವರಿಗೆ ಇದ್ದೇ ಇತ್ತಲ್ಲ. ದಿನ ಹೇಗೆ ಕಳೆಯಿತು ಅಂತ ಬರೆಯಲು ಕೊಟ್ಟ ಹಾಳೆಯಲ್ಲಿ ಗಂಡಸರಿಗೆ ಬರೆಯಲು ಹೆಚ್ಚೇನೂ ಹೊಳೆಯಲಿಲ್ಲ. ನಡಿಗೆಯ ವೇಗ ಮಾತ್ರ ನಮ್ಮ ಕೈಯಲ್ಲಿ ಇದ್ದಿದ್ದರೆ ಅದು ಬರೀ ಅಂಕಿ. ಆ ಹಾಳೆಗಳ ಜೊತೆ ಓದಿದಾಗ, ಕೆಲಸ ಹೋದವರಿಗೆ ಹೊತ್ತಿನ ಲೆಕ್ಕವೇ ಹೇಗೆ ತಪ್ಪುತ್ತದೆ ಅನ್ನೋದು ಅರ್ಥವಾಗುತ್ತದೆ.

ಹಾಗಂತ ಎಲ್ಲರೂ ‘ಮಿಕ್ಸೆಡ್ ಮೆಥಡ್’ (ಎರಡೂ ವಿಧಾನ ಸೇರಿಸಿದ್ದು) ಅಂತ ಬರೆದುಕೊಳ್ಳಿ ಅಂತಲ್ಲ. ಮಾರಿಯೆಂಥಾಲ್‌ನಲ್ಲಿ ಕೆಲಸ ಮಾಡಿದ್ದು ಒಂದು ತಂಡ. ಒಬ್ಬರೇ, ಇರುವ ಸಮಯದಲ್ಲಿ, ಎರಡನ್ನೂ ಅರೆಬರೆ ಮಾಡುವುದಕ್ಕಿಂತ ಒಂದನ್ನು ಪೂರ್ತಿ ಮಾಡುವುದು ಒಳ್ಳೆಯದು. ಸರ್ವೆಯನ್ನೇ ಆರಿಸಿಕೊಂಡಿದ್ದರೆ ಇಷ್ಟಾದರೂ ಮಾಡಿ. ನಿಮ್ಮ ಪ್ರಶ್ನಾವಳಿಯನ್ನು ಐದಾರು ಜನರ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ತುಂಬಿಸಿ ಅಂತ ಕೇಳಿಕೊಳ್ಳಿ. ‘ನನ್ನ ಉತ್ತರ ಇದರಲ್ಲಿ ಇಲ್ಲವಲ್ಲ’ ಅಂತ ಯಾರಾದರೂ ಅಂದರೆ, ಫಾರ್ಮನ್ನು ಸರಿಮಾಡಿ ಆಮೇಲೆ ಎಣಿಸಲು ಹೊರಡಿ.