ಎಕ್ಸ್‌ಪಿ ಜೀರ್ಣೋದ್ಧಾರ ಸಮಿತಿ

ಕಂಪ್ಯೂಟರ್ ನಡೆಸುವ ವಿಂಡೋಸ್ ಎಕ್ಸ್‌ಪಿ ಅನ್ನೋ ಹಳೇ ಸಿಸ್ಟಂ ಯಾವತ್ತು ತೀರಿಕೊಂಡಿತು ಅಂತ ಕೇಳಿದರೆ ಮೈಕ್ರೋಸಾಫ್ಟ್‌ನವರು 2014ರ ಏಪ್ರಿಲ್ 8, ಅವತ್ತೇ ಸಪೋರ್ಟ್ ನಿಲ್ಲಿಸಿದೆವು ಅಂತ ತಾರೀಕು ಸಮೇತ ಹೇಳುತ್ತಾರೆ. ನಮ್ಮ ಕಚೇರಿಗಳಿಗೆ ಮಾತ್ರ ಈ ಸುದ್ದಿ ಇನ್ನೂ ಟಪಾಲಿನಲ್ಲಿ ಬಂದಿಲ್ಲ. ಬಂದಿದ್ದರೂ ಇನ್‌ವರ್ಡ್ ನಂಬರ್ ಬಿದ್ದಿಲ್ಲ.

ಹಾಗಾಗಿ ಮೂಲೆಯ ಮೇಜಿನ ಮೇಲೆ, ಹಳದಿಗೆ ತಿರುಗಿದ ಆ ಪೆಟ್ಟಿಗೆ ಇವತ್ತಿಗೂ ಡ್ಯೂಟಿಯಲ್ಲಿದೆ. ಒಂದು ಸೋಮವಾರ ಅದು ಏಳುವುದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಹ್ಯಾಲ್ ಡಾಟ್ ಡಿಎಲ್‌ಎಲ್ ಅನ್ನೋ ಫೈಲು ಕಾಣೆಯಾಗಿದೆ ಇಲ್ಲವೇ ಕೆಟ್ಟಿದೆ, ದಯವಿಟ್ಟು ಇನ್ನೊಂದು ಪ್ರತಿ ಹಾಕಿಕೊಳ್ಳಿ. ಪ್ರತಿ ಅಂದ ಕೂಡಲೇ ಅಟೆಸ್ಟೇಶನ್ ಬೇಕಾ ಅಂತ ಕೇಳುವವರೂ ಅಲ್ಲಿ ಇರುತ್ತಾರೆ. ಹೊರಗೆ ಕ್ಯೂನಲ್ಲಿ ನಿಂತವರಿಗೆ "ಸರ್ವರ್ ಡೌನ್" ಅಂತ ಹೇಳಿಯಾಗಿದೆ. ಸರ್ವರ್ ಪಾಪ, ಎಲ್ಲೋ ಎಸಿ ರೂಮಿನಲ್ಲಿ ಆರಾಮಾಗಿದೆ. ಅದಕ್ಕೆ ತನ್ನ ಹೆಸರು ಹೇಗೆಲ್ಲ ಬಳಕೆಯಾಗುತ್ತಿದೆ ಅಂತ ಗೊತ್ತೇ ಇಲ್ಲ.

ಆ ಫೈಲಿಗಾಗಿ ಈಗ ವಿಂಡೋಸ್ ಸೀಡಿ ಹುಡುಕಬೇಕು. ಒರಿಜಿನಲ್ ಸೀಡಿ. ಅದು ಬೀರುವಿನಲ್ಲಿದೆ, ಬೀರುವಿನ ಕೀ ವರ್ಗಾವಣೆಯಾಗಿ ಹೋದವರ ಹತ್ತಿರ ಇದೆ. ಸೀಡಿಯೇ ಕೊಡದೆ ಮಾರಿದ ಕಂಪ್ಯೂಟರುಗಳೂ ಜಾಸ್ತಿ ಇವೆ, ಅವುಗಳ ಕಥೆ ಇನ್ನೂ ಚೆನ್ನ. ರಿಪೇರಿಗೆ ಬೇಕಾದ ಫೈಲುಗಳನ್ನೆಲ್ಲ ಅದೇ ಹಾರ್ಡ್‌ಡಿಸ್ಕಿನ ಒಂದು ಗುಪ್ತ ಭಾಗದಲ್ಲಿ ಇಟ್ಟು ಕಳಿಸಿರುತ್ತಾರೆ. ಡಿಸ್ಕು ಹೋದರೆ ಅದೂ ಹೋಯಿತು. ಮನೆ ಬೀಗದ ಇನ್ನೊಂದು ಕೀಯನ್ನು ಮನೆಯೊಳಗೇ ಜೋಪಾನವಾಗಿಟ್ಟು ಹೊರಟ ಹಾಗೆ.

ಸೀಡಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಐ386 ಅನ್ನೋ ಫೋಲ್ಡರ್ ಇದೆ, ಅದರೊಳಗೆ ಸಾವಿರಾರು ಫೈಲು, ಜಾಗ ಉಳಿಸೋಕೆ ಬಹುಪಾಲು ಎಲ್ಲವನ್ನೂ ಒತ್ತಿ ಒತ್ತಿ ತುಂಬಿದ್ದಾರೆ. ಒತ್ತಿದ ಫೈಲಿನ ಗುರುತು ಏನೆಂದರೆ ಹೆಸರಿನ ಕೊನೆಯ ಅಕ್ಷರ ಹೋಗಿ ಅಲ್ಲೊಂದು ಅಡಿಗೆರೆ ಬಂದಿರುತ್ತದೆ. ಡಿಎಲ್‌ಎಲ್‌ನ ಕೊನೆಯ ಎಲ್ ಮಾಯ, ಇಎಕ್ಸ್‌ಇಯ ಕೊನೆಯ ಇ ಮಾಯ. ಇದನ್ನು ಹಾಗೇ ಎತ್ತಿ ಹಾಕಿದರೆ ನಡೆಯುವುದಿಲ್ಲ. ಸೀಡಿಯಿಂದ ಬೂಟ್ ಮಾಡಿ, ಆರ್ ಒತ್ತಿ, ರಿಕವರಿ ಕನ್ಸೋಲ್ ಅನ್ನೋ ರಿಪೇರಿ ಪರದೆಗೆ ಹೋಗಿ, ಎಕ್ಸ್‌ಪ್ಯಾಂಡ್ ಅನ್ನೋ ಕಮಾಂಡ್ ಕೊಟ್ಟು ಬಿಡಿಸಿಕೊಳ್ಳಬೇಕು.

ಅದಕ್ಕೂ ಮೊದಲು ಕನ್ಸೋಲು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಇಟ್ಟವರು ರಿಟೈರ್ ಆಗಿದ್ದಾರೆ. ಮೂರು ಸಲ ತಪ್ಪಿದರೆ ಮೆಷಿನ್ ರೀಸ್ಟಾರ್ಟ್, ಮತ್ತೆ ಸೀಡಿ, ಮತ್ತೆ ಆರ್. ಕೊನೆಗೆ ಯಾರೋ ಬೇಸತ್ತು ಸುಮ್ನೆ ಎಂಟರ್ ಒತ್ತುತ್ತಾರೆ. ಒಳಗೆ ಬಿಟ್ಟುಬಿಡುತ್ತದೆ! ಇಷ್ಟು ವರ್ಷ ಸಾರ್ವಜನಿಕರ ದಾಖಲೆಗಳನ್ನು ಕಾಯುತ್ತಿದ್ದ ಪಾಸ್‌ವರ್ಡ್ ಅದೇ.

ಎಕ್ಸ್‌ಪ್ಯಾಂಡ್ ಆಯಿತು, "ಒನ್ ಫೈಲ್ ಎಕ್ಸ್‌ಪ್ಯಾಂಡೆಡ್" ಅಂತ ಬಂತು, ಎಲ್ಲರೂ ಟೀ ಕುಡಿದು ಬಂದು ನೋಡಿದರೆ ಮತ್ತೆ ಅದೇ ಕಪ್ಪು ಪರದೆ, ಅದೇ ಹ್ಯಾಲ್. ಯಾಕೆಂದರೆ ಎಷ್ಟೋ ಸಲ ಹ್ಯಾಲ್ ತನ್ನ ಜಾಗದಲ್ಲೇ ಗಟ್ಟಿಮುಟ್ಟಾಗಿ ಕೂತಿರುತ್ತದೆ. ಕೆಟ್ಟಿರುವುದು ಬೂಟ್ ಡಾಟ್ ಐಎನ್‌ಐ ಅನ್ನೋ ನಾಲ್ಕೈದು ಸಾಲಿನ ಚೀಟಿ. ವಿಂಡೋಸ್ ಡಿಸ್ಕಿನ ಯಾವ ಭಾಗದಲ್ಲಿದೆ ಅಂತ ಅದು ತಪ್ಪು ವಿಳಾಸ ಕೊಡುತ್ತದೆ, ಅಲ್ಲಿ ಹೋಗಿ ಹುಡುಕಿದವರಿಗೆ ಹ್ಯಾಲ್ ಸಿಗುವುದಿಲ್ಲ, ಗೈರುಹಾಜರಿ ಮಾತ್ರ ಹ್ಯಾಲ್ ಹೆಸರಿಗೆ ಬೀಳುತ್ತದೆ. ಈ ವಿಷಯದಲ್ಲಿ ವಿಂಡೋಸ್ ಎಕ್ಸ್‌ಪಿ ನಮ್ಮ ಇಲಾಖೆಗಳಲ್ಲಿ ಇಷ್ಟು ವರ್ಷ ಬಾಳಿದ್ದು ಸುಮ್ನೆ ಅಲ್ಲ ಬಿಡಿ.

ಬೂಟ್ ಚೀಟಿ ಸರಿಮಾಡಿ ಎಬ್ಬಿಸಿದರೂ ಮುಗಿಯಲಿಲ್ಲ. ಉಳಿದ ಫೈಲು ನೆಟ್ಟಗಿವೆಯಾ ಅಂತ ಚೆಕ್ ಮಾಡಲು ಹೋದರೆ ಸರ್ವಿಸ್ ಪ್ಯಾಕ್ 3 ಅನ್ನೋ ಅಪ್‌ಡೇಟ್ ಸೇರಿದ ಸೀಡಿ ಹಾಕಿ ಅನ್ನುತ್ತದೆ. ಬೀರುವಿನಲ್ಲಿರುವುದು 2001ರ ಮೊದಲ ಸೀಡಿ. ಸರ್ವಿಸ್ ಪ್ಯಾಕ್ 3 ಬಂದದ್ದು 2008ರಲ್ಲಿ. ಹಳೇ ಸೀಡಿ ಹಾಕಿದರೆ ಇದು ಸರಿಯಾದ ಸೀಡಿ ಅಲ್ಲ ಅಂತ ವಾಪಸ್. ಕೌಂಟರಿನವರಿಗೆ ಈ ಅನುಭವ ಹೊಸದು. ಈ ಮಾತನ್ನು ದಿನಾ ಹೇಳುವವರು ಅವರು.

ಇಷ್ಟೆಲ್ಲ ಯಾಕೆ, ಹೊಸ ಕಂಪ್ಯೂಟರ್ ತರಬಾರದಾ ಅಂತೀರಾ? ಹಳೆಯದು ಕಂಡಮ್ ಆಗದೆ ಹೊಸದು ಬರುವುದಿಲ್ಲ. ಕಂಡಮ್ ಆಗಬೇಕಾದರೆ ಇನ್ನು ರಿಪೇರಿ ಸಾಧ್ಯವಿಲ್ಲ ಅಂತ ಯಾರಾದರೂ ಬರೆದುಕೊಡಬೇಕು. ತೊಂದರೆ ಅಲ್ಲೇ ಇರುವುದು. ಎಕ್ಸ್‌ಪಿ ರಿಪೇರಿ ಆಗಿಬಿಡುತ್ತದೆ! ಒಂದು ಸೀಡಿ, ಒಂದು ಕಮಾಂಡ್, ಎದ್ದು ಕೂರುತ್ತದೆ. ಜತೆಗೆ ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು ಅದರಲ್ಲೇ ಇವೆ. ಆ ಫಾಂಟ್ ಇಲ್ಲದ ಹೊಸ ಮೆಷಿನ್‌ನಲ್ಲಿ ತೆರೆದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಸರ್ಕಾರಿ ಕಚೇರಿಯನ್ನೇ ಆಡಿಕೊಳ್ಳುವುದೂ ನ್ಯಾಯವಲ್ಲ. ಎಕ್ಸ್‌ಪಿಗೆ ಸಪೋರ್ಟ್ ನಿಂತು ನಾಲ್ಕು ವರ್ಷವಾದ ಮೇಲೆ, 2018ರ ಜೂನ್‌ನಲ್ಲಿ, ಎಟಿಎಂಗಳಿಂದ ಇಂಥ ಹಳೇ ಸಿಸ್ಟಂ ತೆಗೆಯಿರಿ ಅಂತ ರಿಸರ್ವ್ ಬ್ಯಾಂಕ್ ಗಡುವು ಹಾಕಬೇಕಾಯಿತು. ಅದೂ ಒಂದೇ ಏಟಿಗಲ್ಲ, ಕಂತಿನಲ್ಲಿ, 2019ರ ಜೂನ್‌ವರೆಗೆ. ಅದಕ್ಕೂ ಮೊದಲು, 2017ರಲ್ಲಿ, ವಾನಾಕ್ರೈ ಅನ್ನೋ ಸುಲಿಗೆ ವೈರಸ್ ಜಗತ್ತಿನ ಕಂಪ್ಯೂಟರುಗಳನ್ನು ಹಿಡಿದಾಗ ಮೈಕ್ರೋಸಾಫ್ಟ್ ತಾನೇ ತಿಥಿ ಮಾಡಿದ್ದ ಎಕ್ಸ್‌ಪಿಗೆ ಒಂದು ಅಪ್‌ಡೇಟ್ ಕೊಟ್ಟಿತು. ಸತ್ತವರಿಗೆ ಇಂಜೆಕ್ಷನ್ ಕೊಟ್ಟರೂ ಹಾಕಿಸಿಕೊಳ್ಳಲು ಎದ್ದು ಬರುವವರು ಇದ್ದೇ ಇರುತ್ತಾರೆ ಅಂತ ಅವರಿಗೂ ಗೊತ್ತು.

ಮತ್ತೆ ಕಚೇರಿಗೆ ಬರೋಣ. ಸಂಜೆ ಐದಕ್ಕೆ ಹಸಿರು ಗುಡ್ಡ, ನೀಲಿ ಆಕಾಶದ ಆ ವಾಲ್‌ಪೇಪರ್ ಕಾಣಿಸಿತು. ಕ್ಯೂನವರು ಮಧ್ಯಾಹ್ನವೇ ಮನೆಗೆ ಹೋಗಿದ್ದರು. ಕಡತದಲ್ಲಿ "ಯಂತ್ರವು ಸುಸ್ಥಿತಿಯಲ್ಲಿದ್ದು, ಹೊಸ ಕಂಪ್ಯೂಟರ್ ಕೋರಿಕೆಯನ್ನು ಕೈಬಿಡಬಹುದು" ಅಂತ ಟಿಪ್ಪಣಿ ಬಿತ್ತು. ಆದರೂ ಮುಂದಾಲೋಚನೆಯ ಒಬ್ಬ ಸಾಹೇಬರು ಇದ್ದರು. ಮುಂದಿನ ವರ್ಷಕ್ಕೆ ಇರಲಿ ಅಂತ ಹೊಸ ಪ್ರಸ್ತಾವನೆಯೊಂದನ್ನು ರೆಡಿ ಮಾಡಿಸಿದ್ದಾರೆ. ಬೇಕಾದ ಸಿಸ್ಟಂ, ವಿಂಡೋಸ್ 7. ಫ್ಲಾಪಿ ಡ್ರೈವ್ ಕಡ್ಡಾಯ.