ಲೋಗೋ ಕೆಳಗೆ ಮುಳುಗಿದ ಹುಡುಗ

ನಿನ್ನೆ ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ. ಮುಖ್ಯ ಅತಿಥಿಗಳು ಪರದೆ ಮೇಲೆ ಹಳೇ ಯುರೋಪಿನ ಚಿತ್ರಕಾರ ಬ್ರೂಗೆಲ್‌ನ ಇಕಾರಸ್ ಚಿತ್ರ ಹಾಕಿದರು. ಇಕಾರಸ್ ಅಂದರೆ ಗ್ರೀಕ್ ಪುರಾಣದ ಹುಡುಗ. "ನೋಡಿ ಮಕ್ಕಳೇ, ಅಪ್ಪನ ಮಾತು ಕೇಳದೆ ಸೂರ್ಯನ ಹತ್ತಿರ ಹಾರಿದ. ರೆಕ್ಕೆಯ ಮೇಣ ಕರಗಿ ಸಮುದ್ರಕ್ಕೆ ಬಿದ್ದ!" ಮಕ್ಕಳು ನೋಡಿದರು. ನೋಡೋಕೆ ಹುಡುಗನೇ ಇಲ್ಲ.

ಆ ಚಿತ್ರದಲ್ಲಿ ಇಕಾರಸ್ ಅಂದರೆ ಬಲಗಡೆ ಕೆಳಗೆ, ಹಡಗಿನ ಹತ್ತಿರ, ನೀರಿನಿಂದ ಮೇಲೆದ್ದ ಎರಡು ಕಾಲು. ಅಷ್ಟೇ. ಸರಿಯಾಗಿ ಅಲ್ಲೇ ಶಾಲೆಯ ಲೋಗೋ ಕೂತಿತ್ತು.

"ಅಪ್ಪಾ, ಹುಡುಗ ಎಲ್ಲಿ?"

"ಲೋಗೋ ಕೆಳಗೆ ಮುಳುಗಿದಾನೆ ಕಣೇ, ಸುಮ್ನಿರು."

ನನ್ನ ಸಿಟ್ಟು ಲೋಗೋ ಮೇಲಲ್ಲ. ಈ ಕಥೆ ಹೇಳುವವರೆಲ್ಲ ಹುಡುಗನನ್ನೇ ಯಾಕೆ ಬಯ್ಯುತ್ತಾರೆ? ರೆಕ್ಕೆ ಮಾಡಿಕೊಟ್ಟ ಕುಶಲಕರ್ಮಿ ಅಪ್ಪ ಡೀಡಲಸ್ ಬರೀ ಮೇಲೆ ಹಾರಬೇಡ ಅಂದಿರಲಿಲ್ಲ. ತೀರಾ ಕೆಳಗೂ ಹಾರಬೇಡ, ನೀರು ತಾಗಿ ರೆಕ್ಕೆ ಭಾರವಾಗುತ್ತೆ ಅಂತಲೂ ಹೇಳಿದ್ದ. ಆ ಅರ್ಧ ಯಾವ ಭಾಷಣದಲ್ಲೂ ಬರಲ್ಲ!

ಇನ್ನು ಆ ಅಪ್ಪ ಎಂಥವನು? ಕೆಲಸ ಕಲಿಯಲು ಬಂದ 12 ವರ್ಷದ ಸೋದರಳಿಯ ಮೀನಿನ ಬೆನ್ನುಮೂಳೆ ನೋಡಿ ಗರಗಸ ಮಾಡಿದ. ಹೊಟ್ಟೆಕಿಚ್ಚಿಗೆ ಈ ಮಹಾನುಭಾವ ಅವನನ್ನು ಅಥೆನ್ಸ್‌ನ ಕೋಟೆ ಮೇಲಿಂದ ತಳ್ಳಿದ. ಬೀಳುತ್ತಿದ್ದ ಹುಡುಗನನ್ನು ದೇವತೆ ಕೌಜುಗ ಹಕ್ಕಿ ಮಾಡಿ ಉಳಿಸಿದಳು. ರೋಮನ್ ಕವಿ ಓವಿಡ್ ಎರಡೂ ಕಥೆಯನ್ನು ಒಟ್ಟಿಗೇ ಹೇಳುತ್ತಾನೆ. ಡೀಡಲಸ್ ಮಗನನ್ನು ಹೂಳುವಾಗ ಅದೇ ಕೌಜುಗ ರೆಕ್ಕೆ ಬಡಿದು ಖುಷಿಪಡುತ್ತೆ. ಚಿತ್ರದಲ್ಲೂ ಗಾಳ ಹಾಕಿದವನ ಪಕ್ಕ ಕೊಂಬೆ ಮೇಲೆ ಒಂದು ಹಕ್ಕಿ ಕೂತಿದೆ. ನಿನ್ನೆ ಅದೂ ಲೋಗೋ ಪಾಲು. ಸಾಕ್ಷಿ ಸಮೇತ ನಾಪತ್ತೆ!

ಓವಿಡ್ ಕಥೆಯಲ್ಲಿ ಉಳುವವನು, ಕುರುಬ, ಮೀನು ಹಿಡಿಯುವವನು ತಲೆಯೆತ್ತಿ, ಹಾರುತ್ತಿರುವವರು ದೇವರೇ ಇರಬೇಕು ಅಂದುಕೊಳ್ಳುತ್ತಾರೆ. ಚಿತ್ರದಲ್ಲಿ? ಕೆಂಪು ತೋಳಿನ ಅಂಗಿಯವನು ಕುದುರೆ ಹೂಡಿ ಉಳುತ್ತಿದ್ದಾನೆ, ಕಣ್ಣೆಲ್ಲ ನೆಲದ ಮೇಲೆ. ಕುರುಬ ಆಕಾಶ ನೋಡುತ್ತಿದ್ದಾನೆ, ಹುಡುಗ ಬಿದ್ದ ಕಡೆಗೆ ಬೆನ್ನು. ಮುಳುಗುವವನನ್ನು ಯಾರೂ ನೋಡಲಿಲ್ಲ. ಇದನ್ನು ತೋರಿಸಿ "ಅಪ್ಪನ ಮಾತು ಕೇಳಿ" ಅನ್ನೋದಾ?

ಬ್ರಸೆಲ್ಸ್‌ನ ಮ್ಯೂಸಿಯಂ 1912ರಲ್ಲಿ ಕೊಂಡ ಈ ಚಿತ್ರ ಬ್ರೂಗೆಲ್ ಕೈಯದ್ದೇ ಅಲ್ಲ ಅನ್ನುವ ತಜ್ಞರಿದ್ದಾರೆ. ಇರಲಿ, ಯಾರಾದರೂ ಬರೆದಿರಲಿ, ಕಾಲು ಕಾಲೇ. ಮಕ್ಕಳಿಗೆ ನೀತಿ ಸಾಕು, ಇಷ್ಟೆಲ್ಲ ಯಾಕೆ ಅಂತೀರಾ? ಮಕ್ಕಳಿಗೆ ಹೊಟ್ಟೆಕಿಚ್ಚು ಗೊತ್ತಿಲ್ವಾ? ನನ್ನ ಮಗಳು ದಾರಿಯುದ್ದಕ್ಕೂ ಕೇಳಿದ್ದು ಆ ಸೋದರಳಿಯನ ಬಗ್ಗೆಯೇ.

ಭಾಷಣ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕ್ಲಾಸ್ ಟೀಚರ್ ಪಕ್ಕದಲ್ಲೇ ನಿಂತಿದ್ದರು, ಏನ್ಮಾಡ್ಲಿ.