ಲೋಡ್ ಹಾಕಿದ ಮೇಲೆ ಎಷ್ಟು ಓಡುತ್ತೆ, ಅದನ್ನು ಹೇಳಿ

ಹೋದ ತಿಂಗಳು ಒಂದು ಎಲೆಕ್ಟ್ರಿಕ್ ಮಿನಿ ಟ್ರಕ್ ಅನ್ನು ಎರಡು ದಿನ ಡೆಮೋಗೆ ತಂದುಕೊಂಡಿದ್ದೆ. ಕಂಪನಿ ಹೆಸರು ಬೇಡ. ಪುಣೆ ಪಕ್ಕದ ಭೋಸರಿ ಕೈಗಾರಿಕಾ ಪ್ರದೇಶದಿಂದ ಚಾಕಣ್‌ಗೆ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ಭಾಗ, ಸಾಗಿಸುವುದು ನಮ್ಮ ದಿನದ ಕೆಲಸ. ಮೊದಲ ದಿನ ಶೋರೂಮ್ ಹುಡುಗ ಜೊತೆಗೇ ಕೂತು ಖಾಲಿ ಗಾಡಿ ಓಡಿಸಿ ತೋರಿಸಿದ. ತುಂಬಾ ಚೆನ್ನಾಗಿತ್ತು. ಎರಡನೇ ದಿನ ನಮ್ಮ ಡ್ರೈವರ್ ಎಂದಿನಂತೆ ಕ್ರೇಟ್ ತುಂಬಿಕೊಂಡು ಹೊರಟ. ಒಂದು ಚಾರ್ಜ್‌ಗೆ ಇಷ್ಟು ಕಿಲೋಮೀಟರ್ ಅಂತ ಕಾಗದದಲ್ಲಿ ಬರೆದದ್ದರ ಮೂರರಲ್ಲಿ ಎರಡು ಪಾಲೂ ಓಡಲಿಲ್ಲ. ಮೂರನೇ ಟ್ರಿಪ್ ಮೋಶಿ ಹತ್ತಿರ ನಿಂತಿತು. ಹಳೆಯ ಡೀಸೆಲ್ ಗಾಡಿ ಕಳಿಸಿ ಮಾಲನ್ನು ಅದಕ್ಕೆ ಏರಿಸಿದೆವು. ಹಮಾಲಿ ಎರಡು ಸಲ ಕೊಟ್ಟೆ. ಮಾಲಿನ ಗಿರಾಕಿಯಿಂದ ಬೈಸಿಕೊಂಡದ್ದು ಬೇರೆ.

ಡ್ರೈವರ್ ಸಿಂದಗಿ ಕಡೆಯವನು. ಸಂಜೆ ಬಂದು ಹೇಳಿದ: "ಅಣ್ಣಾರ, ಗಾಡಿ ಭಾಳ ಛಲೋ ಐತ್ರಿ. ಸಪ್ಪಳಿಲ್ಲ, ಹೊಗಿ ಇಲ್ಲ, ಕ್ಲಚ್ ತುಳದು ತುಳದು ಕಾಲ್ ನೋಯಂಗಿಲ್ಲ. ಆದ್ರ ಲೋಡ್ ಹಾಕಿದ ಮ್ಯಾಲ ಎಷ್ಟು ಓಡ್ತೈತಿ ಅನ್ನೂದು ಮೊದಲ ಖರೇ ಹೇಳಬೇಕಿತ್ತರಿ ಅವ್ರು."

ಎಲೆಕ್ಟ್ರಿಕ್ ಗಾಡಿ ಮಾಡುವವರಿಗೆ ನಾನು ಹೇಳಬೇಕಾದ್ದೂ ಇಷ್ಟೇ.

ಸರ್ಟಿಫಿಕೇಟ್‌ನಲ್ಲಿ ಬರೆಯುವ ಕಿಲೋಮೀಟರ್ ಲೆಕ್ಕ ಬರುವುದು ಪ್ರಯೋಗಾಲಯದಲ್ಲಿ ಗಾಡಿಯನ್ನು ರೋಲರ್ ಮೇಲೆ ಓಡಿಸಿ. 1966ರಲ್ಲಿ ಶುರುವಾದ, ಗಾಡಿಗಳನ್ನು ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆ ಈ ಕೆಲಸ ಮಾಡುತ್ತೆ, ಅದು ನಮ್ಮ ಪುಣೆಯ ಕೋಥ್ರೂಡ್‌ನಲ್ಲೇ ಇದೆ. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಅಂಥ ಲೆಕ್ಕ ಬೇಕು, ಒಪ್ಪುತ್ತೇನೆ. ಆದರೆ ಆ ರೋಲರ್ ಮೇಲೆ ಚಾಕಣ್‌ನ ತಳೇಗಾಂವ್ ಚೌಕ್ ಇಲ್ಲ. ಮೇ ತಿಂಗಳ ಬಿಸಿಲಿಲ್ಲ. ಹಿಂದೆ ಕಾಸ್ಟಿಂಗ್ ಕ್ರೇಟ್‌ಗಳಿಲ್ಲ.

ನಿಜ ಹೇಳುವುದು ಕಷ್ಟವೇನಲ್ಲ. ಕಾರಿನವರು ಈಗಾಗಲೇ ಹೇಳುತ್ತಿದ್ದಾರೆ. 2025ರ ಜೂನ್‌ನಲ್ಲಿ ಬಂದ ಹ್ಯಾರಿಯರ್ ಇವಿ ನೋಡಿ. 75 ಯೂನಿಟ್ ಬ್ಯಾಟರಿಗೆ ಸರ್ಟಿಫಿಕೇಟ್ ಲೆಕ್ಕ 627 ಕಿ.ಮೀ. ಅದರ ಪಕ್ಕದಲ್ಲೇ ಟಾಟಾದವರು ಇನ್ನೊಂದು ಲೆಕ್ಕ ಕೊಟ್ಟರು, 480ರಿಂದ 505 ಕಿ.ಮೀ. ನೂರರಲ್ಲಿ 75 ಗಿರಾಕಿಗಳಿಗೆ ಸಿಗಬಹುದಾದ ದೂರ ಅದು. ಚಾಕಣ್‌ನಲ್ಲೇ ತಯಾರಾಗುವ ಮಹೀಂದ್ರಾ ಬಿಇ 6ಗೆ ಸರ್ಟಿಫಿಕೇಟ್ ಪ್ರಕಾರ 682 ಕಿ.ಮೀ. ರಸ್ತೆಯಲ್ಲಿ 500ರ ಮೇಲೆ ಸಿಗುತ್ತೆ ಅಂತ ಕಂಪನಿಯೇ ಹೇಳಿತು. ಇದನ್ನು ಕೇಳಿ ನನಗೆ ಆ ಗಾಡಿಗಳ ಮೇಲೆ ನಂಬಿಕೆ ಜಾಸ್ತಿಯೇ ಆಯಿತು. ಹಾಗಿದ್ದ ಮೇಲೆ ಟ್ರಕ್‌ಗೂ ಒಂದು ಸಾಲು ಬರೆಯಿರಿ. ಖಾಲಿ ಇದ್ದಾಗ ಇಷ್ಟು, ಅರ್ಧ ಲೋಡ್‌ಗೆ ಇಷ್ಟು, ಫುಲ್ ಲೋಡ್‌ಗೆ ಇಷ್ಟು. 100 ಕಿ.ಮೀ. ಅಂತಲೇ ಬರೆಯಿರಿ, ಪರವಾಗಿಲ್ಲ. ಅದಕ್ಕೆ ತಕ್ಕ ಹಾಗೆ ನಾನು ಟ್ರಿಪ್ ಹೊಂದಿಸಿಕೊಳ್ಳುತ್ತೇನೆ. ಬಾಡಿಗೆ ಗಾಡಿಯವನಿಗೆ ಬೇಕಾಗಿರುವುದು ಇವತ್ತು ಹೇಳಿದ ಮಾತು ನಾಳೆಯೂ ನಡೆಯಬೇಕು ಅನ್ನುವುದು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಕೆಲಸಕ್ಕೆ ಎಲೆಕ್ಟ್ರಿಕ್ ಗಾಡಿಯಷ್ಟು ಒಪ್ಪುವ ಗಾಡಿ ಬೇರೆ ಇಲ್ಲ. ದಿನಾ ಅದೇ ದಾರಿ, ಅದೇ ಗೇಟು. ನಾಸಿಕ್ ರಸ್ತೆಯ ಜಾಮ್‌ನಲ್ಲಿ ಗಂಟೆಗಟ್ಟಲೆ ನಿಂತರೂ ಡೀಸೆಲ್ ಉರಿಯುವುದಿಲ್ಲ. ನನ್ನ ಲೆಕ್ಕ ಹೇಳುತ್ತೇನೆ. ಡೀಸೆಲ್ ಗಾಡಿಗೆ ಕಿಲೋಮೀಟರಿಗೆ 6 ರೂಪಾಯಿ ಹೋಗುತ್ತೆ. ಡೆಮೋ ಗಾಡಿ ಲೋಡ್ ಹಾಕಿಯೂ ಒಂದು ಯೂನಿಟ್‌ಗೆ 6 ಕಿ.ಮೀ. ಓಡಿತು. ಯೂನಿಟ್‌ಗೆ 10 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 2 ರೂಪಾಯಿ ಒಳಗೇ ಬಂತು. ಗಾಡಿ ನಿಂತುಹೋದ ದಿನವೂ ಈ ಲೆಕ್ಕ ಮಾತ್ರ ಸುಳ್ಳಾಗಲಿಲ್ಲ. ಆದರೆ 10 ರೂಪಾಯಿ ನಮ್ಮದೇ ಪ್ಲಗ್ ಇದ್ದವರಿಗೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ದರ ಅದರ ಎರಡು ಪಟ್ಟು ಇರುತ್ತೆ.

ಅಲ್ಲೇ ದೊಡ್ಡ ತೊಡಕು. ನಮ್ಮಂಥವರ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ? ಸ್ಪೈನ್ ರೋಡ್ ಪಕ್ಕದಲ್ಲಿ. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ. ಡ್ರೈವರ್ ಮನೆಯ ಗಲ್ಲಿಯಲ್ಲಿ. ಅಲ್ಲಿ ಪ್ಲಗ್ ಇಲ್ಲ. ದೊಡ್ಡ ಚಾರ್ಜರ್ ಬೇಕಂತಲೂ ಇಲ್ಲ. 20 ಯೂನಿಟ್ ಬ್ಯಾಟರಿಗೆ 3 ಕಿಲೋವ್ಯಾಟ್‌ನ ಸಾಧಾರಣ ಪ್ಲಗ್ ಸಾಕು, ಏಳು ತಾಸಿನಲ್ಲಿ ತುಂಬುತ್ತೆ. ಡ್ರೈವರ್ ಉಂಡು ಮಲಗಿ ಏಳುವಷ್ಟರಲ್ಲಿ ಗಾಡಿ ತಯಾರು. ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ ಇಂಥ ಐವತ್ತು ಪ್ಲಗ್ ಹಾಕಿಸಿಕೊಡುವ ಕಂಪನಿಯ ಗಾಡಿಯನ್ನು ನಾನು ಕಣ್ಣು ಮುಚ್ಚಿ ತಗೊಳ್ಳುತ್ತೇನೆ.

ಸರ್ಕಾರದ ಬಗ್ಗೆಯೂ ಒಂದು ಮಾತು. ಮಹಾರಾಷ್ಟ್ರದ 2025ರ ಇವಿ ನೀತಿಯಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ, ಅಟಲ್ ಸೇತು, ಸಮೃದ್ಧಿ ಮಾರ್ಗಗಳಲ್ಲಿ ಎಲೆಕ್ಟ್ರಿಕ್ ಕಾರು, ಬಸ್ಸುಗಳಿಗೆ ಟೋಲ್ ಮಾಫಿ ಇದೆ. ಒಳ್ಳೆಯ ಕೆಲಸ. ಆದರೆ ಮಾಲು ಸಾಗಿಸುವ ಗಾಡಿಗೆ ಮಾಫಿ ಇಲ್ಲ. ಎಲೆಕ್ಟ್ರಿಕ್ ಗಾಡಿಗಳಿಗೆ ನೆರವು ಕೊಡುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಟ್ರಕ್‌ಗೆ 9.6 ಲಕ್ಷದವರೆಗೆ ನೆರವಿದೆ. ಅದು 3.5 ಟನ್‌ಗಿಂತ ಮೇಲಿನವಕ್ಕೆ. ಛೋಟಾ ಹಾತಿ (ಟಾಟಾ ಏಸ್) ಸಾಲಿನ ಸಣ್ಣ ಗಾಡಿಗಳು ಹೊರಗೇ ಉಳಿದವು. ಅದೇ ಯೋಜನೆಯಲ್ಲಿ ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿ.ಮೀ. ವಾರಂಟಿ ಕಡ್ಡಾಯ ಮಾಡಿದ್ದಾರೆ. ಸಣ್ಣ ಗಾಡಿ ಕೊಳ್ಳುವವನಿಗೂ ಅದನ್ನೇ ಕೊಡಿ. ಒಂದೇ ಗಾಡಿ ಇಟ್ಟುಕೊಂಡು ಮನೆ ನಡೆಸುವವನಿಗೆ ಬ್ಯಾಟರಿ ಕೆಟ್ಟರೆ ಇಎಂಐ ಕಟ್ಟಲು ಇನ್ನೇನೂ ಉಳಿಯಲ್ಲ, ಅಲ್ವಾ?

ಇನ್ನು ಎಸ್‌ಯುವಿ. ಮನೆಯಲ್ಲಿ ದಿನಾ ಇದೇ ಚರ್ಚೆ. ಪುಣೆಯಲ್ಲಿರುವ ನಮ್ಮ ಕಡೆಯ ಜನ ಎಸ್‌ಯುವಿ ನೋಡುವುದೇ ಊರಿಗೆ ಹೋಗಲು. ಸೋಲಾಪುರ ದಾಟಿ ವಿಜಯಪುರ, ಸುಮಾರು 350 ಕಿ.ಮೀ. ಹೋಗುವಾಗ ಐದು ಜನ. ಬರುವಾಗ ಅದೇ ಐದು ಜನ, ಎರಡು ಚೀಲ ಬಿಳಿಜೋಳ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿಗಳು. ಎಸಿ ಒಂದು ಕ್ಷಣ ನಿಲ್ಲಿಸುವ ಹಾಗಿಲ್ಲ. ದೊಡ್ಡ ಸ್ಕ್ರೀನ್ ಇರಲಿ, ಬೇಡ ಅನ್ನಲ್ಲ. ಆದರೆ ಹಲವು ಹೊಸ ಮಾಡೆಲ್‌ಗಳಲ್ಲಿ ಸ್ಟೆಪ್ನಿಯನ್ನೇ ತೆಗೆದು ಪಂಕ್ಚರ್ ಕಿಟ್ ಇಟ್ಟಿದ್ದಾರೆ. ಇಂಡಿ ಕಡೆ ಹೊಲದ ದಾರಿಯಲ್ಲಿ ಟೈರ್ ಸೀಳಿದರೆ ಕಿಟ್ ಏನು ಮಾಡುತ್ತೆ? ಸ್ಟೆಪ್ನಿ ವಾಪಸ್ ಕೊಡಿ. ಅವ್ವನ ಮನೆಯ ಸಾಮಾನ್ಯ ಪ್ಲಗ್‌ನಲ್ಲಿ, ಕರೆಂಟ್ ಏರಿಳಿದರೂ, ರಾತ್ರಿಯಿಡೀ ನಿಧಾನಕ್ಕೆ ಚಾರ್ಜ್ ಆಗುವ ಹಾಗೆ ಮಾಡಿಕೊಡಿ. ಟೆಂಭುರ್ಣಿ ಹತ್ತಿರ ಹೋದ ದೀಪಾವಳಿಯಲ್ಲಿ ನನ್ನ ತಮ್ಮ ಚಾರ್ಜರ್‌ಗೆ ಎರಡು ತಾಸು ಕಾದ. ಗಾಡಿಗೆ ಚುಚ್ಚುವ ಗನ್ ಇದ್ದದ್ದು ಎರಡು, ಅದರಲ್ಲಿ ಒಂದು ಕೆಟ್ಟಿತ್ತು. ಆ್ಯಪ್‌ನಲ್ಲಿ ಮಾತ್ರ ಎರಡೂ ಖಾಲಿ ಅಂತ ತೋರಿಸುತ್ತಿತ್ತು. ಚಿಕ್ಕ ಮಕ್ಕಳಿದ್ದರು ಜೊತೆಗೆ. ಈಗ ಅವನ ಹೆಂಡತಿ ಆ ಗಾಡಿಯಲ್ಲಿ ಊರಿಗೆ ಬರಲ್ಲ ಅನ್ನುತ್ತಾಳೆ.

ಬರುವ ವಾರ ಇನ್ನೊಂದು ಕಂಪನಿಯ ಟ್ರಕ್ ಡೆಮೋಗೆ ಬರುತ್ತಿದೆ. ಈ ಸಲ ಖಾಲಿ ಓಡಿಸುವುದೇ ಇಲ್ಲ. ಭೋಸರಿಯಲ್ಲಿ ತುಂಬಿಸಿ, ಕಾಟಾ ಮಾಡಿಸಿ (ತೂಕ ಹಾಕಿಸಿ), ಆಮೇಲೆ ಚಾಕಣ್ ದಾರಿ ಹಿಡಿಯುತ್ತೇವೆ. ಎಷ್ಟು ಕಿಲೋಗೆ ಎಷ್ಟು ಕಿಲೋಮೀಟರ್ ಬಂತು ಅಂತ ಕಾಟಾ ಚೀಟಿಯ ಫೋಟೋ ಸಮೇತ ಇಲ್ಲೇ ಹಾಕುತ್ತೇನೆ. ನಿಮ್ಮಲ್ಲಿ ಯಾರಾದರೂ ಲೋಡ್ ಹಾಕಿ ಓಡಿಸಿದ್ದರೆ, ನಿಮ್ಮ ಲೆಕ್ಕವನ್ನೂ ಕೆಳಗೆ ಬರೆಯಿರಿ.